ಮೈಸೂರಿನಿಂದ ಕಾಡಿನ ಫಾಲ್ಸ್‌ಗೆ ಒಂದು ದಿನದ ನಡಿಗೆ: ಮೊದಲ ಸಲ ಹೊರಟವರಿಗೆ

ಕೆಆರ್‌ಎಸ್ ತುಂಬುವ ಸುದ್ದಿ ಪೇಪರಿನಲ್ಲಿ ಬಂದ ವಾರದಿಂದ ಓದುಗರ ಈ ಪ್ರಶ್ನೆಯೂ ಶುರುವಾಗುತ್ತದೆ. ಮೈಸೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರುವ ಹಾಗೆ, ಕಾಡಿನಲ್ಲಿ ನಡೆದು ಹೋಗಿ ನೋಡುವಂಥ ಫಾಲ್ಸ್ ಯಾವುದು? ಏನೇನು ತೆಗೆದುಕೊಂಡು ಹೋಗಬೇಕು? ಜಿಗಣೆ ಇರುತ್ತಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿ ಈ ಸಲ ಪೂರ್ತಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಸುತ್ತಮುತ್ತಲಿನ ಹೆಸರಾಂತ ಫಾಲ್ಸ್‌ಗಳಿಗೆ ಈ ಲೇಖನ ಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ನೋಡಲು ಕಾರಿನಿಂದ ಇಳಿದು ಕಟ್ಟೆಯ ಬಳಿ ನಿಂತರೆ ಆಯಿತು. ಚುಂಚನಕಟ್ಟೆಯಲ್ಲಿ ದೇವಸ್ಥಾನದ ತನಕ ಗಾಡಿ ಹೋಗುತ್ತದೆ. ಬಲಮುರಿಯಂತೂ ಫಾಲ್ಸೇ ಅಲ್ಲ, ಕಾವೇರಿಗೆ ಅಡ್ಡ ಕಟ್ಟಿದ ಹಳೇ ಕಟ್ಟೆಯ ಮೇಲೆ ನೀರು ಹರಿಯುತ್ತದೆ ಅಷ್ಟೇ. ಇವೆಲ್ಲ ಪಿಕ್‌ನಿಕ್. ನಾನು ಹೇಳಹೊರಟಿರುವುದು ನಾಲ್ಕೈದು ಗಂಟೆ ಕಾಡಿನಲ್ಲಿ ನಡೆದು ಬರುವ ವಿಷಯ.

ಉದಾಹರಣೆಗೆ ಇರ್ಪು ಇಟ್ಟುಕೊಳ್ಳುತ್ತೇನೆ. ದಕ್ಷಿಣ ಕೊಡಗಿನ ಬ್ರಹ್ಮಗಿರಿ ಸಾಲಿನಲ್ಲಿ, ಕೇರಳದ ಗಡಿಗೆ ಅಂಟಿಕೊಂಡಿರುವ ಜಾಗ. ಅಲ್ಲಿ ಧುಮುಕುವುದು ಲಕ್ಷ್ಮಣತೀರ್ಥ ನದಿ. ಅದೇ ನೀರು ಹುಣಸೂರು ದಾಟಿ ಬಂದು ಕೆಆರ್‌ಎಸ್ ಹಿನ್ನೀರಿಗೆ ಸೇರುತ್ತದೆ. ಅಂದರೆ ಮೈಸೂರಿನವರಿಗೆ ಅದೇನೂ ಹೊರಗಿನ ನೀರಲ್ಲ. ಬೇರೆ ಜಾಗ ಆರಿಸಿಕೊಂಡರೂ ಇಲ್ಲಿ ಹೇಳುವ ಲೆಕ್ಕ, ಎಚ್ಚರಿಕೆ ಎಲ್ಲ ಅವೇ.

1. ದಾರಿ ಆರಿಸುವುದು

ಟ್ರೆಕ್ಕಿಂಗ್ ವಿವರಗಳಲ್ಲಿ ಈಸಿ, ಮಾಡರೇಟ್, ಡಿಫಿಕಲ್ಟ್ ಎಂದು ಬರೆದಿರುತ್ತಾರೆ. ಇದಕ್ಕೆ ಐಎಸ್‌ಐ ಮಾರ್ಕಿನ ಹಾಗೆ ಯಾವ ಅಳತೆಯೂ ಇಲ್ಲ. ಬರೆದವರು 25ರ ಹುಡುಗರಾಗಿದ್ದರೆ ಅವರ ಈಸಿ ನಿಮ್ಮ ಮಂಡಿಗೆ ಡಿಫಿಕಲ್ಟ್ ಆಗಬಹುದು. ಹಾಗಾಗಿ ಆ ಪದ ಬಿಟ್ಟು ಎರಡು ಅಂಕಿ ಹುಡುಕಿ. ಹೋಗಿ ಬರುವ ಒಟ್ಟು ದೂರ ಎಷ್ಟು, ಒಟ್ಟು ಏರು ಎಷ್ಟು. ಏರು ಅಂದರೆ ನೀವು ಮೇಲಕ್ಕೆ ಹತ್ತಬೇಕಾದ ಎತ್ತರದ ಮೊತ್ತ. ಮ್ಯಾಪ್ ಆಪ್‌ಗಳಲ್ಲಿ ಎಲಿವೇಶನ್ ಗೇನ್ ಎಂದು ಕಾಣುವುದು ಇದೇ.

ನನ್ನ ಲೆಕ್ಕದಲ್ಲಿ ಒಟ್ಟು 8ರಿಂದ 12 ಕಿ.ಮೀ., ಏರು 300ರಿಂದ 500 ಮೀಟರ್ ಇದ್ದರೆ ಅದು ಮಧ್ಯಮ ನಡಿಗೆ. ಮೊದಲ ಸಲ ಹೊರಟವರು ಇದಕ್ಕಿಂತ ಜಾಸ್ತಿ ಇರುವ ದಾರಿಗೆ ಕೈಹಾಕಬೇಡಿ.

ಇರ್ಪುವಿನಲ್ಲಿ ಎರಡು ಆಯ್ಕೆ ಇದೆ. ರಾಮೇಶ್ವರ ದೇವಸ್ಥಾನದಿಂದ ಫಾಲ್ಸ್ ತನಕ ಕಾಡಿನ ನಡುವೆ ಮೆಟ್ಟಿಲ ದಾರಿ. ಇದು ಚಿಕ್ಕದು, ಅಜ್ಜಿಯರೂ ನಿಧಾನವಾಗಿ ಹತ್ತುತ್ತಾರೆ. ಇನ್ನೊಂದು, ಅಲ್ಲಿಂದ ಮುಂದಕ್ಕೆ ನರಿಮಲೆ ಕಡೆಗೆ, ಮತ್ತೂ ಮೇಲೆ 1,608 ಮೀಟರ್ ಎತ್ತರದ ಬ್ರಹ್ಮಗಿರಿ ಶಿಖರದ ಕಡೆಗೆ ಹೋಗುವ ಚಾರಣದ ದಾರಿ. ಶಿಖರಕ್ಕೆ ಒಂದು ಕಡೆಗೇ ಸುಮಾರು 9 ಕಿ.ಮೀ. ಹೋಗಿ ಬಂದರೆ 18. ಮೈಸೂರಿನಿಂದ ಅದೇ ದಿನ ಹೋಗಿ, ಹತ್ತಿ, ಇಳಿದು, ಮತ್ತೆ ಗಾಡಿ ಓಡಿಸಿಕೊಂಡು ಬರುವ ಸಾಹಸ ಬೇಡ. ಅರ್ಧ ದಾರಿಯ ಹುಲ್ಲುಗಾವಲು ಮತ್ತು ಶೋಲಾ ತನಕ ಹೋಗಿ ತಿರುಗಿದರೆ ಮಧ್ಯಮ ನಡಿಗೆಗೆ ಸರಿಹೋಗುತ್ತದೆ. ಶೋಲಾ ಅಂದರೆ ಬೆಟ್ಟದ ಮಡಿಕೆಗಳಲ್ಲಿ, ನೀರಿನ ಪಸೆ ಇರುವ ಕಡೆ ಗುಂಪಾಗಿ ಬೆಳೆದ ಗಿಡ್ಡ ಮರಗಳ ಕಾಡು. ಸುತ್ತಲೂ ಬರೀ ಹುಲ್ಲಿರುತ್ತದೆ, ನಡುವೆ ಇದು ಕಪ್ಪಗೆ ಕಾಣುತ್ತದೆ. ಈ ತೊರೆಗಳಿಗೆ ಮಳೆ ನಿಂತ ಮೇಲೂ ನೀರು ಕೊಡುವುದು ಅದೇ.

2. ಅನುಮತಿ

ಜನ ಎಡವುವುದು ಇಲ್ಲೇ. ಬ್ರಹ್ಮಗಿರಿ ವನ್ಯಜೀವಿಧಾಮ. ಇಂಥ ಜಾಗಕ್ಕೆ ಅನುಮತಿ ಇಲ್ಲದೆ ನುಗ್ಗಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಗಾರ್ಡ್ ಬೈದು ಕಳಿಸುತ್ತಾರೆ ಅಷ್ಟೇ ಅಂದುಕೊಳ್ಳಬೇಡಿ, ಕೇಸ್ ಕೂಡ ಆಗುತ್ತದೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ವಿಡಿಯೋ ನೋಡಿರಬಹುದು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಶುರುವಾಯಿತು. ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಈಗ ನೀವು ಮಾಡಬೇಕಾದ್ದು ಇಷ್ಟು:

ಎರಡು ವಾರ ಮೊದಲೇ ಜಾಲತಾಣ ನೋಡಿ. ನಿಮ್ಮ ದಾರಿ ಪಟ್ಟಿಯಲ್ಲಿದೆಯಾ, ಆ ದಿನಕ್ಕೆ ತೆರೆದಿದೆಯಾ ಖಚಿತ ಮಾಡಿಕೊಳ್ಳಿ. ಗುಂಪಿನ ಎಲ್ಲರ ಗುರುತಿನ ಚೀಟಿ ಸಿದ್ಧವಿರಲಿ. ಟಿಕೆಟ್ ಅನ್ನು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಜೊತೆಗೆ ಒಂದು ಪ್ರಿಂಟ್. ಗೇಟಿನ ಹತ್ತಿರ ನೆಟ್‌ವರ್ಕ್ ಸಿಗದೆ ಟಿಕೆಟ್ ತೋರಿಸಲಾಗದೆ ನಿಂತವರನ್ನು ಪ್ರತಿ ಸಲ ನೋಡುತ್ತೇನೆ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿ. ಜೋರು ಮಳೆಯಾದರೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯ ಇದ್ದರೆ, ಆನೆ ಓಡಾಟ ಹೆಚ್ಚಾದರೆ ಇದ್ದಕ್ಕಿದ್ದಂತೆ ಮುಚ್ಚುತ್ತಾರೆ.

ದಾರಿ ಮುಚ್ಚಿದ್ದರೆ ದೇವಸ್ಥಾನದಿಂದ ಫಾಲ್ಸ್ ತನಕ ಮಾತ್ರ ಹೋಗಿ ಬನ್ನಿ. ‘ಸಾರ್, ಹಿಂದಿನ ದಾರಿ ಗೊತ್ತು, ಐನೂರು ಕೊಡಿ’ ಅನ್ನುವವರು ಸಿಗುತ್ತಾರೆ. ಹೋಗಬೇಡಿ. ಒಳಗೆ ಕಾಲು ಮುರಿದುಕೊಂಡರೆ ಆತ ಮೊದಲು ಮಾಯವಾಗುತ್ತಾನೆ.

3. ಯಾವ ತಿಂಗಳು

ಜುಲೈ, ಆಗಸ್ಟ್‌ನಲ್ಲಿ ಫಾಲ್ಸ್ ಭರ್ಜರಿ. ಆದರೆ ದಾರಿ ಕೆಸರು, ಜಿಗಣೆ ಕಾಟ, ಮೋಡದಲ್ಲಿ ಎದುರಿನ ಬೆಟ್ಟವೇ ಕಾಣುವುದಿಲ್ಲ. ಫೆಬ್ರವರಿ ಕಳೆದರೆ ನೀರು ಸಣ್ಣಗಾಗುತ್ತದೆ, ಕಾಡು ಒಣಗಿ ಬೆಂಕಿಯ ಭಯಕ್ಕೆ ದಾರಿ ಮುಚ್ಚುತ್ತದೆ. ದಸರಾ ಗಲಾಟೆ ಮುಗಿದ ಮೇಲಿಂದ ಡಿಸೆಂಬರ್ ಕೊನೆತನಕ ಒಳ್ಳೆಯ ಕಾಲ. ದಸರಾ ರಜೆಯಲ್ಲಿ ಮಾತ್ರ ಹೋಗಬೇಡಿ, ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ.

ಅಕ್ಟೋಬರ್, ನವೆಂಬರ್‌ನಲ್ಲಿ ಒಂದು ತಕರಾರಿದೆ. ಹಿಂಗಾರು ಮಳೆ ಬೆಳಿಗ್ಗೆ ಬರುವುದು ಕಡಿಮೆ. ಮಧ್ಯಾಹ್ನ ಮೋಡ ಕಟ್ಟಿ, ಮೂರು ನಾಲ್ಕರ ಹೊತ್ತಿಗೆ ಗುಡುಗು ಮಿಂಚಿನ ಜೊತೆ ಸುರಿಯುತ್ತದೆ. ಹುಲ್ಲುಬೆಟ್ಟದ ಮೇಲೆ ಮಿಂಚಿಗೆ ಎತ್ತರವಾಗಿ ಸಿಗುವುದು ನೀವೇ. ಅದಕ್ಕೇ ಮುಂದಿನ ಲೆಕ್ಕವನ್ನು ಮಧ್ಯಾಹ್ನ ಎರಡಕ್ಕೆಲ್ಲ ಕೆಳಗಿರುವ ಹಾಗೆ ಮಾಡಿದ್ದೇನೆ.

4. ಗಂಟೆಯ ಲೆಕ್ಕ

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ. ಕಾಡಿನಲ್ಲಿ ತೊಂದರೆಗೆ ಸಿಕ್ಕುವವರಲ್ಲಿ ಹೆಚ್ಚಿನವರು ಕಿಲೋಮೀಟರ್ ಎಣಿಸಿರುತ್ತಾರೆ, ಗಂಟೆ ಎಣಿಸಿರುವುದಿಲ್ಲ. ‘ಐದೇ ಕಿ.ಮೀ. ಅಲ್ವಾ, ಕುಕ್ಕರಹಳ್ಳಿ ಕೆರೆ ಒಂದೂವರೆ ಸುತ್ತಿಗೂ ಕಡಿಮೆ’ ಅಂತ ಹೊರಡುತ್ತಾರೆ. ಕೆರೆ ಏರಿ ಸಮತಟ್ಟು. ಬೆಟ್ಟ ಅಲ್ಲ.

ಚಾರಣಿಗರಲ್ಲಿ ಹಳೆಯ ಒಂದು ಸೂತ್ರ ಇದೆ, 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬುವರು ಹಾಕಿದ್ದು. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಅಭ್ಯಾಸ ಇರುವವರ ಲೆಕ್ಕ. ನಮ್ಮಂಥ ಗುಂಪಿಗೆ, ಫೋಟೋ ತೆಗೆಯುವವರು, ಶೂ ಲೇಸ್ ಕಟ್ಟುವವರು, ‘ಒಂದ್ನಿಮಿಷ ಕೂತ್ಕೊಳ್ಳೋಣ’ ಅನ್ನುವವರು ಎಲ್ಲ ಸೇರಿದರೆ, ಬಂದ ಉತ್ತರವನ್ನು ಒಂದೂವರೆಯಿಂದ ಗುಣಿಸಿ.

ಒಂದು ಕಡೆಗೆ 5 ಕಿ.ಮೀ., ಏರು 400 ಮೀಟರ್ ಅಂದುಕೊಳ್ಳಿ. ದೂರಕ್ಕೆ ಒಂದು ಗಂಟೆ, ಏರಿಗೆ 40 ನಿಮಿಷ, ಒಟ್ಟು 1 ಗಂಟೆ 40 ನಿಮಿಷ. ಒಂದೂವರೆಯಿಂದ ಗುಣಿಸಿದರೆ ಎರಡೂವರೆ ಗಂಟೆ. ಇಳಿಯಲು ಎರಡು ಗಂಟೆ. ಜಾಗದಲ್ಲಿ ಕೂತು ತಿಂಡಿ ತಿನ್ನಲು ಒಂದು ಗಂಟೆ. ಯಾರಿಗಾದರೂ ಕಾಲು ಉಳುಕಿದರೆ ಅಂತ ಕೈಯಲ್ಲಿ ಇಟ್ಟುಕೊಳ್ಳಲು ಇನ್ನೊಂದು ಗಂಟೆ. ಒಟ್ಟು ಆರೂವರೆ ಗಂಟೆ.

ಈಗ ದಿನವನ್ನು ಹಿಂದಿನಿಂದ ಜೋಡಿಸಿ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ. ಕಣಿವೆಯ ಮರಗಳ ಕೆಳಗೆ ಐದಕ್ಕೇ ಕತ್ತಲೆ. ಮೂರು ಗಂಟೆಗೆ ಗಾಡಿಯ ಹತ್ತಿರ ಇರಬೇಕು ಅಂದರೆ ಎಂಟೂವರೆಗೆ ನಡಿಗೆ ಶುರು. ಹನ್ನೊಂದಕ್ಕೆ ತಲುಪುತ್ತೀರಿ. ಹನ್ನೆರಡಕ್ಕೆ ತಿರುಗುತ್ತೀರಿ. ಎರಡಕ್ಕೆ ಕೆಳಗೆ.

ಆ ಹನ್ನೆರಡು ಗಂಟೆಯೇ ತಿರುಗುವ ಹೊತ್ತು. ಗುರಿ ಮುಟ್ಟಿರಿ, ಬಿಡಿ, ಗಡಿಯಾರ ಹನ್ನೆರಡು ತೋರಿಸಿದ ಕೂಡಲೇ ಹಿಂದಿರುಗುವುದು. ‘ಇನ್ನು ಹತ್ತೇ ನಿಮಿಷ ಅಂತೆ, ನೀರಿನ ಸದ್ದು ಕೇಳ್ತಿದೆ’ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಬೆಟ್ಟದಲ್ಲಿ ನೀರಿನ ಸದ್ದು ಒಂದು ಕಿಲೋಮೀಟರ್ ಆಚೆಯಿಂದಲೂ ಕೇಳುತ್ತದೆ. ತಿರುಗುವ ಹೊತ್ತನ್ನು ಮೈಸೂರಿನಲ್ಲೇ, ಗಾಡಿ ಹತ್ತುವ ಮೊದಲು ಎಲ್ಲರ ಎದುರು ಹೇಳಿ ಒಪ್ಪಿಸಿಕೊಳ್ಳಿ. ಮೇಲೆ ಹೋಗಿ ಚರ್ಚೆ ಮಾಡಲು ಹೋದರೆ ಫಾಲ್ಸೇ ಗೆಲ್ಲುತ್ತದೆ.

5. ಚಾಮುಂಡಿ ಬೆಟ್ಟದಲ್ಲಿ ಪರೀಕ್ಷೆ

ನಿಮಗೆ ಆಗುತ್ತಾ ಇಲ್ವಾ ಎಂದು ತಿಳಿಯಲು ಜಿಮ್ ಬೇಡ. ಪಾದದಿಂದ ಮೆಟ್ಟಿಲು ಹತ್ತಿ. ಸಾವಿರದ ಆಸುಪಾಸು ಮೆಟ್ಟಿಲು, ಏರು ಹೆಚ್ಚುಕಡಿಮೆ 250ರಿಂದ 300 ಮೀಟರ್. ಹೊರಡುವ ಮೂರು ವಾರ ಮೊದಲು ಒಂದು ಭಾನುವಾರ ಹತ್ತಿ ಇಳಿಯಿರಿ. ಮುಂದಿನ ವಾರ ಬೆನ್ನಿಗೆ ನಾಲ್ಕು ಕೆ.ಜಿ. ಚೀಲ ಹಾಕಿಕೊಂಡು ಹತ್ತಿ. ಮೂರನೇ ವಾರ ಅದೇ ಚೀಲದ ಜೊತೆ ಒಂದೇ ಬೆಳಿಗ್ಗೆ ಎರಡು ಸಲ.

ನಂದಿಯ ತನಕ ಮಾತಾಡಿಕೊಂಡು ಹತ್ತಲು ಆದರೆ ಉಸಿರು ಸರಿಯಿದೆ. ವಾಕ್ಯದ ನಡುವೆ ನಿಲ್ಲಿಸಿ ಉಸಿರೆಳೆದುಕೊಳ್ಳಬೇಕಾದರೆ ವೇಗ ಜಾಸ್ತಿ, ಕಡಿಮೆ ಮಾಡಿ. ಇಳಿಯುವಾಗ ಮಂಡಿ ಹೇಗಿದೆ ನೋಡಿಕೊಳ್ಳಿ. ಹತ್ತುವುದು ಎದೆಯ ಕೆಲಸ, ಇಳಿಯುವುದು ಮಂಡಿಯ ಕೆಲಸ. ಮಾರನೇ ದಿನ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವ ಹಾಗಾದರೆ ಇನ್ನೆರಡು ವಾರ ಅಭ್ಯಾಸ ಬೇಕು. ಬಿಪಿ, ಹೃದಯದ ತೊಂದರೆ, ಆಸ್ತಮಾ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ.

ಹೊಸ ಶೂ ತಂದಿದ್ದರೆ ಅದನ್ನೂ ಈ ಮೆಟ್ಟಿಲ ಮೇಲೆಯೇ ಪಳಗಿಸಿ. ನಾನು ಒಂದು ಸಲ ಡಬ್ಬಿಯಿಂದ ತೆಗೆದ ಶೂ ಹಾಕಿಕೊಂಡು ಹೋಗಿ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎಬ್ಬಿಸಿಕೊಂಡು, ಕೊನೆಯ ಎರಡು ಕಿ.ಮೀ. ಗೆಳೆಯನ ಹವಾಯಿ ಚಪ್ಪಲಿಯಲ್ಲಿ ಇಳಿದೆ. ಆ ಚಪ್ಪಲಿಯಿಂದ ಎಷ್ಟು ಸಲ ಜಾರಿದೆ ಎಂದು ಬರೆಯುವುದು ಬೇಡ.

6. ಚೀಲದಲ್ಲಿ ಏನಿರಬೇಕು

ಶೂ: ಅಡಿಯಲ್ಲಿ ಆಳವಾದ ಗೀರು ಇರುವ ಯಾವುದೇ ಶೂ. ಸಾವಿರಾರು ರೂಪಾಯಿಯದೇ ಆಗಬೇಕಿಲ್ಲ. ಅಡಿ ಸವೆದು ನುಣುಪಾಗಿರುವ ಹಳೇ ರನ್ನಿಂಗ್ ಶೂ ಮಾತ್ರ ಬೇಡವೇ ಬೇಡ.

ಬಟ್ಟೆ: ಜೀನ್ಸ್ ಬೇಡ. ಒದ್ದೆಯಾದರೆ ಎರಡು ಕೆ.ಜಿ. ತೂಗುತ್ತದೆ, ಸಂಜೆ ತನಕ ಒಣಗುವುದಿಲ್ಲ, ತೊಡೆ ಉಜ್ಜಿ ಹುಣ್ಣಾಗುತ್ತದೆ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟು, ತುಂಬು ತೋಳಿನ ಅಂಗಿ. ಒಂದು ಜೊತೆ ಒಣ ಬಟ್ಟೆ, ಟವೆಲ್ ಗಾಡಿಯಲ್ಲೇ ಇರಲಿ.

ನೀರು: ಒಬ್ಬರಿಗೆ ಎರಡು ಲೀಟರ್, ಬಿಸಿಲಿದ್ದರೆ ಮೂರು. ‘ಕಾಡಿನ ತೊರೆ ನೀರು ಶುದ್ಧ, ಕುಡಿಯಬಹುದು’ ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ, ಕುಡಿಯಬೇಡಿ. ಮೇಲೆ ಪ್ರಾಣಿಗಳು ಇಳಿಯುವ ನೀರದು. ಹೊಟ್ಟೆ ಕೆಡುವುದು ಸಣ್ಣ ವಿಷಯ. ಪ್ರಾಣಿಗಳ ಮೂತ್ರ ಸೇರಿದ ನೀರಿನಿಂದ ಇಲಿಜ್ವರವೂ ಬರಬಹುದು. ಓಆರ್‌ಎಸ್ ಪೊಟ್ಟಣ ಎರಡು ಇಟ್ಟುಕೊಳ್ಳಿ. ಒಂದು ಪೊಟ್ಟಣಕ್ಕೆ ಎಷ್ಟು ನೀರು ಅಂತ ಅದರ ಮೇಲೆ ಬರೆದಿರುತ್ತದೆ, ಅಷ್ಟನ್ನೇ ಹಾಕಿ. ದೊಡ್ಡ ಪೊಟ್ಟಣವನ್ನು ಅರ್ಧ ಬಾಟ್ಲಿ ನೀರಿಗೆ ಸುರಿದು ಗಟ್ಟಿ ಮಾಡಿ ಕುಡಿದರೆ ಬಾಯಾರಿಕೆ ಹೆಚ್ಚುತ್ತದೆ.

ಊಟ: ಪುಳಿಯೋಗರೆಗೆ ಸಮ ಇಲ್ಲ. ಸಂಜೆ ತನಕ ಕೆಡುವುದಿಲ್ಲ, ಉಪ್ಪು ಹುಳಿ ಇರುತ್ತದೆ, ತಣ್ಣಗೂ ರುಚಿ. ಬೆಳಿಗ್ಗೆ ಕಲಸಿದ ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ದಾರಿಯಲ್ಲಿ ಬಾಯಾಡಿಸಲು ಕಡಲೆಮಿಠಾಯಿ, ಬಾಳೆಹಣ್ಣು, ಒಂದು ಅಚ್ಚು ಮಂಡ್ಯದ ಬೆಲ್ಲ. ಚಿಪ್ಸ್ ಪ್ಯಾಕೆಟ್ ಬೇಡ. ಗಾಳಿ ತುಂಬಿದ ಕವರ್, ಉಪ್ಪು, ಆಮೇಲೆ ಕಸ. ಸಿಪ್ಪೆಯೂ ಸೇರಿ ತಂದಿದ್ದೆಲ್ಲ ವಾಪಸ್ ಬರಬೇಕು.

ಉಳಿದದ್ದು: ಟಾರ್ಚ್ (ಫೋನಿನ ಟಾರ್ಚ್ ಲೆಕ್ಕಕ್ಕಿಲ್ಲ, ಬ್ಯಾಟರಿ ನುಂಗುತ್ತದೆ). ಪೀಪಿ, ಅಂದರೆ ಸೀಟಿ. ಗಂಟಲು ಕೂಗಿ ಸುಸ್ತಾದ ಮೇಲೂ ಸೀಟಿ ಕೆಲಸ ಮಾಡುತ್ತದೆ. ಮೂರು ಸಲ ಊದಿ ನಿಲ್ಲಿಸಿದರೆ ಸಹಾಯ ಬೇಕು ಎಂದು ಗುಂಪಿನಲ್ಲಿ ಮೊದಲೇ ಮಾತಾಡಿಕೊಳ್ಳಿ. ಕ್ರೇಪ್ ಬ್ಯಾಂಡೇಜ್, ಬ್ಯಾಂಡ್‌ಏಡ್, ನಂಜುನಿವಾರಕ ಮುಲಾಮು, ನಿಮ್ಮ ದಿನನಿತ್ಯದ ಮಾತ್ರೆ. ರೈನ್‌ಕೋಟ್. ಕೊಡೆ ಕಾಡುದಾರಿಯಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಒಂದು ಕೈಯನ್ನೂ ಕಟ್ಟಿಹಾಕುತ್ತದೆ. ಫೋನ್, ಪರ್ಸ್ ಇಡಲು ದಪ್ಪ ಪ್ಲಾಸ್ಟಿಕ್ ಕವರ್. ಮ್ಯಾಪ್ ಅನ್ನು ಮನೆಯ ವೈಫೈನಲ್ಲೇ ಆಫ್‌ಲೈನ್ ಇಳಿಸಿಕೊಳ್ಳಿ. ಆಫ್‌ಲೈನ್ ಅಂದರೆ ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುವ ಹಾಗೆ ಫೋನಿನಲ್ಲಿ ಉಳಿಸಿಕೊಳ್ಳುವುದು.

7. ಮೈಸೂರು ಬಿಡುವುದು

ಇರ್ಪು ನಮ್ಮಿಂದ 120 ಕಿ.ಮೀ. ಆಸುಪಾಸು. ಹುಣಸೂರು, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ. ಮೂರು ಗಂಟೆ ಇಟ್ಟುಕೊಳ್ಳಿ. ಐದಕ್ಕೆ ಹೊರಟರೆ ಗೋಣಿಕೊಪ್ಪದಲ್ಲಿ ಬಿಸಿ ಇಡ್ಲಿ ತಿಂದು ಎಂಟೂವರೆಗೆ ನಡಿಗೆ ಶುರು ಮಾಡಬಹುದು. ಐದು ಅಂದರೆ ಐದು. ‘ಐದಕ್ಕೆ ಎಲ್ಲರೂ ಸೇರೋಣ’ ಅಂದರೆ ಐದೂಮುಕ್ಕಾಲು ಆಗುತ್ತದೆ ಎಂದು ನಮಗೆಲ್ಲ ಗೊತ್ತು. ಆ ಮುಕ್ಕಾಲು ಗಂಟೆ ನೇರವಾಗಿ ನೀವು ಉಳಿಸಿಟ್ಟ ಗಂಟೆಯಿಂದ ಹೋಗುತ್ತದೆ.

ಹುಣಸೂರಿನಿಂದ ವೀರನಹೊಸಹಳ್ಳಿ ಮೇಲೆ ನಾಗರಹೊಳೆ ಕಾಡಿನ ನಡುವೆ ಕುಟ್ಟಕ್ಕೆ ಇನ್ನೊಂದು ರಸ್ತೆ ಇದೆ. ಅದನ್ನು ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಮುಚ್ಚುತ್ತಾರೆ. ಮ್ಯಾಪ್ ನಂಬಿ ಬೆಳಗಿನ ಜಾವ ಆ ಗೇಟಿನ ಮುಂದೆ ನಿಲ್ಲಬೇಡಿ. ಬರುವಾಗ ಗೇಟ್ ಮುಚ್ಚುವ ಮೊದಲು ದಾಟಬೇಕು ಎಂದು ಕಾಡಿನಲ್ಲಿ ಗಾಡಿ ಅಟ್ಟುವುದಂತೂ ಬೇಡವೇ ಬೇಡ. ಅಡ್ಡ ಬರುವ ಜಿಂಕೆಗೆ ನಿಮ್ಮ ಗೇಟಿನ ಟೈಮು ಗೊತ್ತಿಲ್ಲ.

ಬಸ್ಸಿನಲ್ಲಿ ಹೋಗಬಹುದಾ ಎಂದು ಕೇಳುವವರಿಗೆ: ಗೋಣಿಕೊಪ್ಪದ ತನಕ ಕಷ್ಟವಿಲ್ಲ. ಅಲ್ಲಿಂದ ಮುಂದಕ್ಕೆ ಬಸ್ಸು ಕಾಯುತ್ತ ಕೂತರೆ ಎಂಟೂವರೆಗೆ ನಡಿಗೆ ಶುರುವಾಗುವುದಿಲ್ಲ. ಆರೇಳು ಜನ ಸೇರಿ ಗಾಡಿ ಮಾಡಿಕೊಳ್ಳುವುದೇ ಸರಿ. ಓಡಿಸುವವರು ಬೆಟ್ಟ ಹತ್ತದವರಾಗಿದ್ದರೆ ಇನ್ನೂ ಒಳ್ಳೆಯದು. ದಣಿದು ಬಂದು ಮೂರು ಗಂಟೆ ಸ್ಟೀರಿಂಗ್ ಹಿಡಿಯುವುದು ಜಿಗಣೆಗಿಂತ ಅಪಾಯ.

ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಿ: ಎಲ್ಲಿಗೆ, ಎಷ್ಟು ಜನ, ಯಾವ ಗಾಡಿ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಹುಡುಕಿಸಬೇಕು. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಅರಣ್ಯ ಇಲಾಖೆಯ ಸಹಾಯವಾಣಿ 1926.

8. ಕಾಡಿನೊಳಗೆ

ಮುಂದೆ ಗೈಡ್, ಕೊನೆಯಲ್ಲಿ ನಿಮ್ಮಲ್ಲಿ ಅನುಭವ ಇರುವ ಒಬ್ಬರು. ಈ ಕೊನೆಯವರನ್ನು ಸ್ವೀಪ್ ಅನ್ನುತ್ತಾರೆ. ಅವರ ಹಿಂದೆ ಯಾರೂ ಉಳಿಯಬಾರದು, ಅಷ್ಟೇ ಅವರ ಕೆಲಸ. ದಾರಿ ಕವಲೊಡೆಯುವ ಕಡೆ ಎಲ್ಲರೂ ನಿಂತು, ತಲೆ ಎಣಿಸಿ, ಮುಂದೆ ಹೋಗಿ. ವೇಗ ನಿರ್ಧರಿಸುವುದು ಎಲ್ಲರಿಗಿಂತ ನಿಧಾನವಾಗಿ ನಡೆಯುವವರು. ಅವರು ಬಂದು ಸೇರಿದ ಕೂಡಲೇ ‘ಹೊರಡೋಣ್ವಾ’ ಅಂತ ಏಳಬೇಡಿ, ಅವರೂ ಕೂರಬೇಕು ಪಾಪ.

ಜಿಗಣೆ ಬಗ್ಗೆ ಪ್ರಶ್ನೆಗಳು ಜಾಸ್ತಿ, ಹಾಗಾಗಿ ಸ್ವಲ್ಪ ವಿವರವಾಗಿ. ಮಲೆನಾಡಿನವರು ಉಂಬಳ ಅನ್ನುತ್ತಾರೆ. ಮಳೆ ಬಿದ್ದ ನೆಲದಲ್ಲಿ, ಒದ್ದೆ ಎಲೆಗಳ ಕೆಳಗೆ ಇರುತ್ತವೆ, ನಿಮ್ಮ ಬಿಸಿ ಮತ್ತು ಹೆಜ್ಜೆಯ ಅದುರಿಗೆ ಎದ್ದು ಬರುತ್ತವೆ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ಕಾಡಿನ ಅಂಚಿನ ಊರುಗಳಲ್ಲಿ ಸಾಕ್ಸ್ ಮೇಲೆ ಹೊಗೆಸೊಪ್ಪಿನ ನೀರು ಹಚ್ಚುವ ರೂಢಿ ಇದೆ. ಹುಣಸೂರು ದಾಟಿಯೇ ಹೋಗುತ್ತೀರಿ, ಹೊಗೆಸೊಪ್ಪಿಗೇನೂ ಬರ ಇಲ್ಲ. ಸಾಕ್ಸ್‌ಗೆ ಮಾತ್ರ, ಚರ್ಮಕ್ಕೆ ಬೇಡ. ಒದ್ದೆ ನೆಲದಲ್ಲಿ ನಿಲ್ಲಬೇಡಿ, ಕೂರಲು ಬಂಡೆ ಹುಡುಕಿ.

ಕಚ್ಚಿದರೆ ಕಿತ್ತು ಎಳೆಯಬೇಡಿ. ಬೆಂಕಿಕಡ್ಡಿ ಹಿಡಿಯುವುದು, ಕಚ್ಚಿರುವಾಗಲೇ ಉಪ್ಪು ಸುರಿಯುವುದು ಬೇಡ, ಅದು ಗಾಯದೊಳಗೇ ಕಕ್ಕುತ್ತದೆ. ಸಣ್ಣ ತುದಿ ಅದರ ಬಾಯಿ. ಅದರ ಪಕ್ಕ ಉಗುರು ಇಟ್ಟು, ಚರ್ಮಕ್ಕೆ ಒತ್ತಿ ಅಡ್ಡಕ್ಕೆ ಸರಿಸಿ, ಬಿಟ್ಟುಕೊಳ್ಳುತ್ತದೆ. ಆಮೇಲೆ ದಪ್ಪ ತುದಿ. ರಕ್ತ ಒಂದೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಜಿನುಗಬಹುದು. ಹೆಪ್ಪುಗಟ್ಟದ ಹಾಗೆ ಅದು ಹಿರುಡಿನ್ ಎಂಬ ವಸ್ತು ಬಿಡುತ್ತದೆ, ಅದಕ್ಕೆ. ತೊಳೆದು, ಬಟ್ಟೆ ಒತ್ತಿ ಹಿಡಿದು, ಬ್ಯಾಂಡ್‌ಏಡ್ ಹಾಕಿ. ನೋಡಲು ಗಾಬರಿ, ನಿಜಕ್ಕೂ ಏನೂ ಆಗುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಜಿಗಣೆ ಕಾಲದಲ್ಲಿ ಬರಬೇಡಿ.

ಹೆದರಬೇಕಾದ್ದು ಯಾರೂ ಕೇಳದ ಉಣ್ಣೆಗೆ. ಉಣುಗು ಅಂತಲೂ ಅನ್ನುತ್ತಾರೆ, ದನದ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಹುಳ. ಒಣ ಎಲೆಗಳಲ್ಲಿ, ದನ ಓಡಾಡುವ ಕಾಡಂಚಿನಲ್ಲಿ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಮಂಗನ ಕಾಯಿಲೆ ಹರಡುವುದು ಇದರಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, 2012ರಲ್ಲಿ ಬಂಡೀಪುರದ ಕಡೆಯೂ, ಆಮೇಲೆ ವಯನಾಡಿನಲ್ಲೂ ಕಾಣಿಸಿಕೊಂಡಿತು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಅರಣ್ಯ ಸಿಬ್ಬಂದಿಗೆ ಹೇಳಿ. ಒಣ ಎಲೆಗಳ ಮೇಲೆ ಮಲಗಬೇಡಿ, ಬಟ್ಟೆ ಹರಡಬೇಡಿ.

ಆನೆ. ಹಸಿ ಲದ್ದಿ, ಆಗಷ್ಟೇ ಮುರಿದ ಬಿದಿರು ಕಂಡರೆ ಮಾತು ನಿಲ್ಲಿಸಿ, ಗೈಡ್ ಏನು ಹೇಳುತ್ತಾರೋ ಹಾಗೆ ಮಾಡಿ. ಅವರು ‘ವಾಪಸ್’ ಅಂದರೆ ವಾಪಸ್. ‘ದುಡ್ಡು ಕೊಟ್ಟು ಬಂದಿದೀವಿ’ ಎಂದು ವಾದಿಸುವ ಜಾಗ ಅದಲ್ಲ.

ಹಾವು ಕಚ್ಚುವುದು ಅಪರೂಪ. ನೋಡದೆ ಕೈ ಇಡುವುದು, ನೋಡದೆ ಬಂಡೆ ದಾಟುವುದು ಬಿಟ್ಟರೆ ಇನ್ನೂ ಅಪರೂಪ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಉಂಗುರ, ವಾಚು ತೆಗೆಸಿ. ಆ ಕೈ ಅಥವಾ ಕಾಲು ಅಲುಗದಂತೆ ಕೋಲು ಕಟ್ಟಿ, ಅವರನ್ನು ನಡೆಸದೆ ಹೊತ್ತುಕೊಂಡು ಇಳಿದು ಆಸ್ಪತ್ರೆಗೆ ಓಡಿ. ಹಾವನ್ನು ಹಿಡಿಯಲು, ಕೊಲ್ಲಲು ಹೋಗಿ ಎರಡನೆಯವರೂ ಕಚ್ಚಿಸಿಕೊಳ್ಳಬೇಡಿ.

9. ನೀರಿನ ಹತ್ತಿರ

ಕೊಡಗಿನಲ್ಲಿ ಫಾಲ್ಸ್‌ಗೆ ಅಬ್ಬಿ ಅನ್ನುತ್ತಾರೆ. ಮಡಿಕೇರಿಯ ಅಬ್ಬಿ ಫಾಲ್ಸ್ ಅಂದರೆ ಫಾಲ್ಸ್ ಫಾಲ್ಸ್ ಅಂದ ಹಾಗೆ. ಇರಲಿ.

ಇಡೀ ನಡಿಗೆಯಲ್ಲಿ ಜೀವ ಹೋಗುವ ಜಾಗ ಇದು. ಹುಲಿ, ಆನೆ, ಹಾವು ಎಲ್ಲ ಆಮೇಲೆ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಸಿನಗುಂಡಿ ಫಾಲ್ಸ್‌ನಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕ ಕಾಲು ಜಾರಿ ಕೊಚ್ಚಿಹೋದ ವಿಡಿಯೋ ರಾಜ್ಯವೆಲ್ಲ ನೋಡಿತು. ಆತ ಈಜುತ್ತಿರಲಿಲ್ಲ, ಹಾರಲಿಲ್ಲ. ಸುಮ್ನೆ ನಿಂತಿದ್ದ. ಕಾಲು ಜಾರಿತು, ಅಷ್ಟೇ.

ಒದ್ದೆ ಬಂಡೆ ಎರಡು ಥರ. ಬೂದು ಬಣ್ಣದ, ಒರಟಾದ ಬಂಡೆಯ ಮೇಲೆ ಶೂ ಹಿಡಿಯುತ್ತದೆ. ಕಪ್ಪಗೆ ಅಥವಾ ಹಸಿರಾಗಿ ಹೊಳೆಯುತ್ತಿದ್ದರೆ ಅದು ಪಾಚಿ, ಅದರ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ. ಹೊಳೆಯುವ ಕಲ್ಲಿನ ಮೇಲೆ ಕಾಲಿಡಬೇಡಿ, ಇಷ್ಟು ನೆನಪಿದ್ದರೆ ಸಾಕು. ಫಾಲ್ಸ್‌ನ ನೆತ್ತಿಗೆ ಹೋಗಿ ಇಣುಕಬೇಡಿ. ಕೆಳಗಿನ ಮಡುವಿಗೆ ಇಳಿಯಬೇಡಿ. ನೀರು ಬಿದ್ದು ಬಿದ್ದು ಕೊರೆದ ಗುಂಡಿ ಅದು. ಅಂಚಿನಲ್ಲಿ ಮೊಣಕಾಲುದ್ದ ಇದ್ದದ್ದು ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟಾಗುತ್ತದೆ. ಬೀಳುವ ನೀರು ಕೆಳಗೆ ಎಳೆಯುತ್ತದೆ, ನೊರೆಯಲ್ಲಿ ಈಜು ಬರುವವರೂ ತೇಲುವುದಿಲ್ಲ. ‘ನಮ್ಮೂರ ನಾಲೆಯಲ್ಲಿ ಈಜಿದೀನಿ’ ಅನ್ನುವ ಮಂಡ್ಯದ ಗೆಳೆಯರಿಗೂ ಇದೇ ಮಾತು.

ತೊರೆ ದಾಟಬೇಕಾದರೆ ಮೊಣಕಾಲಿಗಿಂತ ಮೇಲೆ ಬರುವ, ಜೋರಾಗಿ ಹರಿಯುವ ನೀರಿಗೆ ಇಳಿಯಬೇಡಿ. ಚೀಲದ ಸೊಂಟಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಕಳಚಿಹಾಕಲು ಆಗಬೇಕು. ಶೂ ಬಿಚ್ಚಬೇಡಿ, ಒದ್ದೆಯಾಗಲಿ.

ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿದಿರಬಹುದು. ತಿಳಿನೀರು ಕೆಂಪಾಗುವುದು, ಎಲೆ ಕಡ್ಡಿ ತೇಲಿಬರುವುದು, ಆಗ ಕಾಣುತ್ತಿದ್ದ ಕಲ್ಲು ಈಗ ಮುಳುಗಿರುವುದು, ಸದ್ದು ದಪ್ಪಗಾಗುವುದು. ಇದರಲ್ಲಿ ಒಂದು ಕಂಡರೂ ಚೀಲ ಕೂಡ ಹುಡುಕದೆ ದಡದ ಎತ್ತರಕ್ಕೆ ಹತ್ತಿ. ನೀರು ಬರುತ್ತಾ ಎಂದು ನೋಡುತ್ತ ನಿಂತವರಿಗೆ ಆಮೇಲೆ ಸಿಗುವುದು ಸೆಕೆಂಡುಗಳು ಮಾತ್ರ. ಕೂರುವಾಗಲೇ ಹತ್ತಿ ಓಡಲು ದಾರಿ ಇರುವ ದಡ ಆರಿಸಿ. ನಡುಬಂಡೆಯ ಮೇಲೆ ಊಟಕ್ಕೆ ಕೂರಬೇಡಿ.

ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ. ಕೋಲು, ಪಂಚೆ, ಹಗ್ಗ ಏನಿದೆಯೋ ಚಾಚಿ. ಗುಂಪಿನಲ್ಲಿ ಒಬ್ಬರ ಹತ್ತಿರ ಹತ್ತು ಮೀಟರ್ ಹಗ್ಗ ಇದ್ದರೆ ಚೀಲಕ್ಕೆ ಭಾರವೇನೂ ಆಗುವುದಿಲ್ಲ.

10. ಇಳಿಯುವುದು, ಆಮೇಲೆ

ಬೀಳುವುದು ಹೆಚ್ಚಾಗಿ ಇಳಿಯುವಾಗ. ಹೊಟ್ಟೆ ತುಂಬಿರುತ್ತದೆ, ನೋಡಬೇಕಾದ್ದು ನೋಡಿ ಆಗಿರುತ್ತದೆ, ಮನಸ್ಸು ಆಗಲೇ ಮೈಸೂರಿನಲ್ಲಿರುತ್ತದೆ. ಶೂ ಲೇಸ್ ಬಿಗಿ ಮಾಡಿ, ಬೆರಳು ಮುಂದಕ್ಕೆ ನುಗ್ಗಬಾರದು. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಗ್ಗಿರಲಿ. ಕಡಿದಾದ ಕಡೆ ಕೋಲು ಊರಿ. ನಾಚಿಕೆಯಿಲ್ಲದೆ ಕೂತು ಜಾರುವುದೂ ಒಂದು ವಿಧಾನವೇ. ಓಡಬೇಡಿ, ಮುಂದೆ ಓಡಿದವರನ್ನು ಆಮೇಲೆ ಹೊತ್ತು ತರುವವರು ಹಿಂದೆ ಬಂದವರು.

ಗಾಡಿ ಹತ್ತಿರ ಬಂದ ಕೂಡಲೇ ತಲೆ ಎಣಿಸಿ, ಒಣ ಬಟ್ಟೆ ಹಾಕಿ, ಮನೆಗೆ ಫೋನ್ ಮಾಡಿ. ಹೊರಡುವ ಮುಂಚೆ ಟೀ ಕುಡಿಯಿರಿ, ಓಡಿಸುವವರಿಗೆ ಎರಡು.

ಮನೆಗೆ ಬಂದು ಬಿಸಿನೀರು ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಬದಿ, ಕಿವಿಯ ಹಿಂದೆ, ಸೊಂಟದ ಪಟ್ಟಿ, ಮಕ್ಕಳ ತಲೆಗೂದಲು ತಡವಿ ನೋಡಿ. ಅಂಟಿದ ಉಣ್ಣೆ ಸಣ್ಣ ಮಚ್ಚೆಯ ಹಾಗೆ ಕಾಣುತ್ತದೆ. ಚರ್ಮಕ್ಕೆ ಅಂಟಿದ ಹಾಗೆ ಚಿಮಟದಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ತಿರುಚಬೇಡಿ, ಬೆರಳಲ್ಲಿ ಹಿಸುಕಬೇಡಿ. ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ. ಒದ್ದೆ ಶೂ ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ.

ಮುಂದಿನ ಎರಡು ವಾರದಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಎಲ್ಲೋ ಫ್ಲೂ ಇರ್ಬೇಕು’ ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ. ಅವರು ಕೇಳದಿದ್ದರೂ ಇಂಥ ದಿನ ಕಾಡಿಗೆ ಹೋಗಿದ್ದೆ, ತೊರೆ ನೀರಿಗೆ ಇಳಿದಿದ್ದೆ, ಉಣ್ಣೆ ಕಚ್ಚಿತ್ತು ಎಂದು ನೀವೇ ಹೇಳಿ.